ಕಂಬಕ್ಕೆ ಬಾಯಿಲ್ಲ

ಬಟ್ಟೆಬುಟ್ಟಿಯನ್ನು ಒಗೆಯುವ ಕಲ್ಲಿನ ಮೇಲೆ ಇಳಿಸುವ ಮೊದಲೇ ಉನಾಯ್ಸಿಗೆ ಸತ್ತ ಮೀನು ಕಂಡಿತು. ಒಂದಲ್ಲ. ಬಿಳಿ ಹೊಟ್ಟೆ ಮೇಲಾಗಿ ಒಂದರ ಹಿಂದೊಂದು ತೇಲಿ ಬರುತ್ತಿದ್ದವು. ಕಲ್ಲಿನ ಸಂದಿಯಲ್ಲಿ ತೋಳುದ್ದದ ಹಾವುಮೀನೊಂದು ಸಿಕ್ಕಿಕೊಂಡು ಇನ್ನೂ ಬಾಯಿ ತೆರೆದು ಮುಚ್ಚುತ್ತಿತ್ತು. ವಾಯ್ತೋಲು ತೊರೆಯ ನೀರು ಅಕ್ಕಿ ತೊಳೆದ ಬಣ್ಣಕ್ಕೆ ತಿರುಗಿತ್ತು.

ದೂವಾ ಬೇರು. ಜಜ್ಜಿ ನೀರಿಗೆ ಬಿಟ್ಟರೆ ಮೀನಿಗೆ ಉಸಿರು ಕಟ್ಟುತ್ತದೆ, ಆ ಮೀನು ತಿಂದವರಿಗೆ ಏನೂ ಆಗುವುದಿಲ್ಲ. ತೊರೆಯುದ್ದಕ್ಕೂ ಇರುವ ಊರಿನವರೆಲ್ಲ ಅಜ್ಜಂದಿರ ಕಾಲದಿಂದ ಹಾಗೆ ಮೀನು ಹಿಡಿದವರೇ. ಸರ್ಕಾರ ಕೂಡದು ಅಂದಿದೆ, ಆದರೆ ಸರ್ಕಾರ ಇಷ್ಟು ದೂರದ ಗುಡ್ಡ ಹತ್ತಿ ಬರುವುದು ಕಡಿಮೆ.

ಹಿಡಿಯಬಾರದ ಕಾಲ ಒಂದಿತ್ತು, ಅದು ಇದೇ ಕಾಲ. ಉನಾಯ್ಸಿಯ ತಂದೆ, ನವುನಿವಿ ಊರಿನ ದೊಡ್ಡ ಮನೆತನದ ಯಜಮಾನ ಇನೋಸಿ, ತೀರಿಕೊಂಡ ನಾಲ್ಕನೆಯ ದಿನ ಒಗೆಯುವ ಕಲ್ಲಿನ ಮೇಲ್ಗಡೆಯ ಮಡುವಿನ ದಡದಲ್ಲಿ ಜೊಂಡು ಸುತ್ತಿದ ಕಂಬ ನೆಟ್ಟಿದ್ದರು. ಕಂಬ ಇರುವ ತನಕ ಮಡುವಿಗೆ ಬಲೆ ಇಳಿಯುವಂತಿಲ್ಲ, ಗಾಳ ಬೀಳುವಂತಿಲ್ಲ, ಮಕ್ಕಳು ಈಜುವಂತಿಲ್ಲ. ಬರುವ ಶನಿವಾರ ಕೆಲವು ತಿಂಗಳ ಆ ಸೂತಕ ತೆಗೆಯುವ ದಿನ. ಅಂದು ಕಂಬ ಕಿತ್ತು, ಇಷ್ಟು ಕಾಲ ಬೆಳೆದ ಮೀನು, ಸಿಗಡಿ, ಹಾವುಮೀನನ್ನೆಲ್ಲ ಹಿಡಿದು ರಾಜಧಾನಿ ಸುವಾದಿಂದಲೂ ಕರಾವಳಿಯಿಂದಲೂ ಬರುವ ನೆಂಟರಿಗೆ ಬಡಿಸಬೇಕು. ಮಡು ತುಂಬಿದ್ದರೆ ಸತ್ತವನಿಗೆ ಗೌರವ. ಖಾಲಿಯಾಗಿದ್ದರೆ ಕಟ್ಟಲೆ ಮುರಿದವರು ಮನೆಯೊಳಗೇ ಇದ್ದಾರೆ ಎಂದು ನೆಂಟರು ಎಲೆ ಮುಂದೆ ಕೂತೇ ಮಾತಾಡಿಕೊಳ್ಳುತ್ತಾರೆ.

ಉನಾಯ್ಸಿ ಯಾರನ್ನೂ ಕೂಗಲಿಲ್ಲ. ಅವಳಿಗೆ ಮೊದಲು ಹೊಳೆದದ್ದು ಮೀನಿನ ಮಾತಲ್ಲ. ಬೆಳಕು ಹರಿಯುವ ಮೊದಲು ತನಗೆ ಎಚ್ಚರವಾದಾಗ ಪಕ್ಕದ ಚಾಪೆ ಬರಿದಾಗಿತ್ತು ಎಂಬುದು. ಗಂಡ ವಾಯ್ಸಾಕೆ ಇರಲಿಲ್ಲ.

ವಾಯ್ಸಾಕೆ ಮೇಲಿನೂರಿನವನು. ಅದೇ ತೊರೆಯ ದಡದಲ್ಲಿ, ಮಡುವಿನಿಂದ ಗುಡ್ಡದ ಕಡೆಗೆ ನಡೆದರೆ ಸಿಗುವ ನಾದೇಲಾನ ಅವನ ಊರು. ಚಂಡಮಾರುತದ ವರ್ಷ ಗುಡ್ಡ ಕುಸಿದು ಅವನ ಕೆಸುವಿನ ತೋಟ ಮಣ್ಣಡಿಗೆ ಹೋಯಿತು. ಆಗ ಮಾವನೇ ಕರೆದು ನವುನಿವಿಯಲ್ಲಿ ನೆಲ ಕೊಟ್ಟ. ಬಾಯಿಮಾತಿನಲ್ಲಿ ಕೊಟ್ಟದ್ದು. ಈಗ ಆ ಬಾಯಿ ಮಣ್ಣಿನಲ್ಲಿತ್ತು. ಹೊಸ ಯಜಮಾನ ಉನಾಯ್ಸಿಯ ತಮ್ಮ ನೆಮಾನಿ. ಹೆಂಡತಿಯ ಊರಿನಲ್ಲಿ ಹೆಂಡತಿಯ ನೆಲ ಉಣ್ಣುವ ಭಾವನನ್ನು ಕಂಡರೆ ಅವನಿಗೆ ಎಂದೂ ಅಷ್ಟಕ್ಕಷ್ಟೆ.

ಅವಳು ಹಾವುಮೀನನ್ನು ಬುಟ್ಟಿಯ ಬಟ್ಟೆಯಡಿ ಬಚ್ಚಿಟ್ಟಳು. ಆಮೇಲೆ ತಾನು ಮಾಡಿದ್ದು ಎಂಥ ಮೂರ್ಖ ಕೆಲಸ ಎಂದು ತಿಳಿಯಿತು. ತೊರೆಯ ತುಂಬ ಮೀನು ತೇಲುತ್ತಿರುವಾಗ ಒಂದನ್ನು ಬಚ್ಚಿಟ್ಟರೆ ಯಾರು ಉಳಿಯುತ್ತಾರೆ?

ಸ್ವಲ್ಪ ಹೊತ್ತಿನಲ್ಲಿ ಊರೇ ದಡದಲ್ಲಿತ್ತು.

"ಇದು ಮೇಲಿನೂರವರದ್ದೇ ಕೆಲಸ," ಎಂದ ಒಬ್ಬ. "ದೂವಾ ಬೆಳೆಯೋದು ಅವರ ಕಡೆ. ನಮ್ಮಲ್ಲಿ ಎಲ್ಲಿದೆ?"

"ಮೇಲಿನೂರವರು ಅಂದ್ರೆ ಮೇಲೆ ಇರೋರು ಮಾತ್ರಾನಾ?" ಎಂದ ಇನ್ನೊಬ್ಬ. "ಕೆಳಗೂ ಒಬ್ಬರು ಇದಾರಪ್ಪ. ನಮ್ಮ ಕೆಸು ತಿಂದ್ಕೊಂಡು ಚೆನ್ನಾಗೇ ಇದಾರೆ."

ಯಾರೂ ಉನಾಯ್ಸಿಯ ಕಡೆ ನೋಡಲಿಲ್ಲ. ಎಲ್ಲರೂ ಬೇಕೆಂದೇ ನೋಡದಿರುವುದು ಅವಳಿಗೆ ಗೊತ್ತಾಗುತ್ತಿತ್ತು.

ಆ ಹೊತ್ತಿಗೆ ಸರಿಯಾಗಿ ವಾಯ್ಸಾಕೆ ತೋಟದ ದಾರಿಯಿಂದ ಇಳಿದು ಬಂದ. ಹೆಗಲ ಮೇಲೆ ಸೌದೆ. ಸೊಂಟಕ್ಕೆ ಸುತ್ತಿದ ಸುಲು ಮಂಡಿಯ ಮೇಲಿನವರೆಗೆ ಒದ್ದೆ. ಎಡಗೈಯ ಮೊಣಕೈಯಿಂದ ಕೆಳಗೆ ಮುಳ್ಳು ಗೀರಿದ ಗೆರೆಗಳು, ರಕ್ತ ಇನ್ನೂ ಪೂರ್ತಿ ಒಣಗಿರಲಿಲ್ಲ.

"ಏನ್ ಭಾವ, ಬೆಳಿಗ್ಗೆ ಬೆಳಿಗ್ಗೇನೇ ಸ್ನಾನ?" ನೆಮಾನಿ ಕೇಳಿದ. ಭಾವ-ಮೈದುನರ ನಡುವೆ ಗೇಲಿಗೆ ಯಾವ ಮಿತಿಯೂ ಇಲ್ಲ, ಹಾಗಾಗಿ ಏನು ಬೇಕಾದರೂ ನಗೆಯ ಹೊದಿಕೆ ಹೊದೆಸಿ ಕೇಳಬಹುದು. "ಸೂತಕದಲ್ಲಿ ನಾನು ತಲೆಕೂದಲು ಗಡ್ಡ ಬಿಟ್ಟಿದೀನಿ. ನೀನು ಮೀನು ತಿನ್ನಲ್ಲ ಅಂತ ಬಿಟ್ಟಿದ್ದೆ ಅಲ್ವಾ? ಅದಕ್ಕೆ ಮೀನೇ ನಿನ್ನ ಹುಡುಕ್ಕೊಂಡು ಬಂದಿದೆ ನೋಡು."

"ತೋಟಕ್ಕೆ ಹೋಗಿದ್ದೆ," ಎಂದ ವಾಯ್ಸಾಕೆ. ತೇಲುವ ಮೀನನ್ನು ನೋಡಿದ. ಏನಾಯಿತು ಎಂದು ಕೇಳಲಿಲ್ಲ.

ಕೇಳಲಿಲ್ಲ ಎಂಬುದನ್ನು ಉನಾಯ್ಸಿ ಗಮನಿಸಿದಳು. ತೋಟ ಇರುವುದು ಒಣ ಇಳಿಜಾರಿನಲ್ಲಿ, ಅಲ್ಲಿಗೆ ಹೋದವನ ಸುಲು ಮಂಡಿಯ ಮೇಲಿನವರೆಗೆ ನೆನೆಯಲು ದಾರಿಯೇ ಇಲ್ಲ ಎಂಬುದನ್ನೂ.

ನೆಮಾನಿ ತನ್ನ ಹೆಂಡತಿ ಕೆಲೇರಳ ಕಡೆ ತಿರುಗಿ, ಅಲ್ಲಿದ್ದವರಿಗೆಲ್ಲ ಕೇಳಿಸುವ ಹಾಗೆ ಹೇಳಿದ: "ಅಕ್ಕಂಗೆ ಹೇಳು. ಇವತ್ತು ಸಂಜೆ ಕುಡಿಯೋಕೆ ಯಂಗೋನ ಕಲಸಿದಾಗ ಅವಳ ಗಂಡನ್ನ ಕೇಳೋದಿದೆ. ಉತ್ತರ ಸರಿ ಬರದಿದ್ರೆ ಶನಿವಾರದ ಊಟಕ್ಕೆ ಅವನು ಈ ಊರಲ್ಲಿ ಇರೋದು ಬೇಡ. ಆಮೇಲೂ ಬೇಡ."

ಉನಾಯ್ಸಿ ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿದ್ದಳು. ಆದರೆ ಅವರ ಗುಡ್ಡದ ಕಡೆ ಅಕ್ಕ-ತಮ್ಮ ದೊಡ್ಡವರಾದ ಮೇಲೆ ಎದುರುಬದುರು ಮಾತಾಡುವಂತಿಲ್ಲ, ಒಂದೇ ಚಾಪೆಯ ಮೇಲೆ ಕೂರುವಂತಿಲ್ಲ. ಅದು ಜಗಳವಲ್ಲ, ಮರ್ಯಾದೆ. ನೆಮಾನಿಗೆ ಮೀಸೆ ಮೂಡಿದ ವರ್ಷದಿಂದ ಅಕ್ಕನ ಮಾತು ತಮ್ಮನಿಗೆ ಬೇರೆಯವರ ಬಾಯಿಂದಲೇ ಹೋಗುತ್ತಿತ್ತು. ಈಗ ಆ ಬಾಯಿ ಕೆಲೇರಳದ್ದು.

"ಕೇಳಿಸ್ತಲ್ಲ ಅತ್ತಿಗೆ?" ಎಂದಳು ಕೆಲೇರ, ತಲೆ ತಗ್ಗಿಸಿ. ಅವಳು ಕರಾವಳಿಯಿಂದ ಮದುವೆಯಾಗಿ ಬಂದವಳು, ಎರಡು ಸಲ ಹೇಳುವ ಈ ಕೆಲಸ ಅವಳಿಗೆ ಇನ್ನೂ ಹಿಡಿಸಿರಲಿಲ್ಲ.

"ಕೇಳಿಸ್ತು," ಎಂದಳು ಉನಾಯ್ಸಿ.

ಮಧ್ಯಾಹ್ನ ವಾಯ್ಸಾಕೆ ಮರಗೆಣಸು, ಕೆಸುವಿನ ಸೊಪ್ಪು ತಿಂದು ಚಾಪೆಯ ಮೇಲೆ ಮಲಗಿದ. ಊಟದ ಹೊತ್ತಿನಲ್ಲಿ ಇಬ್ಬರೂ ಆಡಿದ್ದು ಉಪ್ಪಿನ ಮಾತು ಮಾತ್ರ. ಅವನು ಹೇಳುತ್ತಾನೆ ಎಂದು ಅವಳು ಕಾದಳು. ಅವನು ಹೇಳಲಿಲ್ಲ.

ಅವನ ಉಸಿರು ನಿಧಾನವಾದ ಮೇಲೆ ಅವಳು ಪಕ್ಕದಲ್ಲಿ ಮಂಡಿಯೂರಿ ಅವನ ಕೈ ಮೂಸಿದಳು.

ನಿಂಬೆಸೊಪ್ಪಿನ ವಾಸನೆ. ಕೈಯನ್ನು ನಿಂಬೆಸೊಪ್ಪು ಹಾಕಿ ತಿಕ್ಕಿದ್ದ. ತೋಟದಿಂದ ಬಂದವನು ಮಣ್ಣು ತೊಳೆಯಲು ನಿಂಬೆಸೊಪ್ಪು ಹುಡುಕುವುದಿಲ್ಲ. ಅವಳು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಉಗುರಿನಡಿ ಬೆಳ್ಳಗೆ ನಾರು ಕಚ್ಚಿಕೊಂಡಿತ್ತು. ಅಲ್ಲಿಗೆ ನಿಂಬೆ ಮುಟ್ಟಿರಲಿಲ್ಲ. ದೂವಾದ ಒಗರು ವಾಸನೆ ಸ್ಪಷ್ಟವಾಗಿತ್ತು.

ಅವಳು ಎದ್ದು ಮೂಲೆಯ ಮರದ ಪೆಟ್ಟಿಗೆ ತೆರೆದಳು. ಗಂಡನನ್ನು ಕಳಿಸುವುದಾದರೆ ಅವನಿಗೆ ಕಟ್ಟಿಕೊಡಲು ಎಷ್ಟು ಬಟ್ಟೆಯಿದೆ ಎಂದು ನೋಡುವುದಕ್ಕೋ, ತಾನೂ ಹೋಗುವುದಾದರೆ ಏನೇನು ತೆಗೆದುಕೊಳ್ಳಬೇಕು ಎಂದು ನೋಡುವುದಕ್ಕೋ, ಅವಳಿಗೇ ತಿಳಿಯಲಿಲ್ಲ. ಬಟ್ಟೆಯಡಿ ತಂದೆಯ ತಿಮಿಂಗಿಲದ ಹಲ್ಲು ಇತ್ತು. ಎಣ್ಣೆ ಸವರಿ ಸವರಿ ಹಳದಿಗೆ ತಿರುಗಿದ, ಹುರಿ ಕಟ್ಟಿದ ಹಳೆಯ ಹಲ್ಲು. ಮದುವೆಗೆ, ಸಾವಿಗೆ, ತಪ್ಪೊಪ್ಪಿಗೆಗೆ, ಊರಿಂದ ಊರಿಗೆ ಹೋಗುವ ದೊಡ್ಡ ಮಾತಿಗೆ ಅದೇ ತೂಕ. ಕೊನೆಯ ವಾರ ತಂದೆ ಅವಳ ಕೈಗೆ ಕೊಟ್ಟು, "ನೆಮಾನಿ ಕೇಳಿದಾಗ ಕೊಡು" ಅಂದಿದ್ದ. ನೆಮಾನಿ ಕೇಳಿರಲಿಲ್ಲ. ಅವಳು ಅದನ್ನು ಮತ್ತೆ ಬಟ್ಟೆಯಡಿ ಸರಿಸಿ ಪೆಟ್ಟಿಗೆ ಮುಚ್ಚಿದಳು.

ಸಂಜೆಯ ತನಕ ಹೊತ್ತಿತ್ತು. ಅನುಮಾನ ಪಡುವುದಾದರೆ ಪೂರ್ತಿ ನೋಡಿಯೇ ಪಡೋಣ ಎಂದು ಅವಳು ಕತ್ತಿ ಹಿಡಿದು ತೊರೆಯ ದಡ ಹಿಡಿದಳು.

ಮಡುವಿನ ಹತ್ತಿರ ಕಂಬ ನೆಟ್ಟಗಿತ್ತು. ಜೊಂಡು ಹರಿದಿರಲಿಲ್ಲ. ಸುತ್ತ ಮೆತ್ತನೆಯ ಮಣ್ಣು, ಅದರ ಮೇಲೆ ಹಕ್ಕಿಯ ಹೆಜ್ಜೆ ಬಿಟ್ಟರೆ ಬೇರೇನೂ ಇಲ್ಲ. ಬೇರನ್ನು ಮಡುವಿನ ದಡದಲ್ಲೇ ಜಜ್ಜಿದ್ದರೆ ಕಲ್ಲಿನ ಮೇಲೆ ಬಿಳಿಯ ಹಿಪ್ಪೆ ಇರಬೇಕು. ಇರಲಿಲ್ಲ. ವಿಷ ಮೇಲಿನಿಂದ ಬಂದಿದೆ. ನೀರಿನಲ್ಲಿ ಇಣುಕಿದಳು: ಆಳದ ಕಡೆ, ಬಂಡೆಯ ನೆರಳಿನಲ್ಲಿ, ಕೆಲವು ಮೀನು ಇನ್ನೂ ಓಡಾಡುತ್ತಿದ್ದವು. ಇಷ್ಟು ಹಾಲುನೀರು ಹರಿದ ಮೇಲೂ ಎಲ್ಲ ಸತ್ತಿರಲಿಲ್ಲ.

ಅದಕ್ಕೆ ಕಾರಣ ಸ್ವಲ್ಪ ಮೇಲೆ ಸಿಕ್ಕಿತು. ಹಿಂದೆ ಅಜ್ಜಂದಿರು ಕೆಸುವಿನ ಮೆಟ್ಟಿಲುಗದ್ದೆಗೆ ನೀರು ಹಾಯಿಸುತ್ತಿದ್ದ ಕಾಲುವೆಯ ಬಾಯಿ ಅಲ್ಲಿತ್ತು, ಮಣ್ಣು ಕೂತು, ಮುಳ್ಳು ಬೆಳೆದು ಎಂದೋ ಮುಚ್ಚಿಹೋದದ್ದು. ಈಗ ಯಾರೋ ಮುಳ್ಳು ಕಡಿದು, ಮಣ್ಣು ತೋಡಿ ಬಾಯಿ ಬಿಡಿಸಿದ್ದರು. ತೊರೆಗೆ ಅಡ್ಡಲಾಗಿ ಕಲ್ಲು ಜೋಡಿಸಿ ನೀರನ್ನು ಆ ಕಡೆಗೆ ತಿರುಗಿಸಿದ್ದರು. ಪಾಳು ಗದ್ದೆಯ ಕೆಸರಿನಲ್ಲಿ ಸಣ್ಣ ಮೀನುಗಳು ಸತ್ತು ಬಿದ್ದಿದ್ದವು.

ಉನಾಯ್ಸಿ ಕಡಿದ ಮುಳ್ಳಿನ ಬುಡಗಳನ್ನು ನೋಡಿದಳು. ಎಲ್ಲ ಏಟೂ ಎಡದಿಂದ ಬಿದ್ದಿದ್ದವು. ಎರಡೂರಲ್ಲೂ ಎಡಗೈಯಲ್ಲಿ ಕತ್ತಿ ಬೀಸುವವನು ಒಬ್ಬನೇ, ಅವಳ ಗಂಡ.

ಅಂದರೆ ಅವನು ಇಲ್ಲಿದ್ದದ್ದು ನಿಜ. ಯಾಕಿದ್ದ ಎಂಬುದೊಂದು ಉಳಿಯಿತು. ವಿಷ ಬರುತ್ತದೆ ಎಂದು ಮೊದಲೇ ಗೊತ್ತಿಲ್ಲದವನು ಕತ್ತಲಲ್ಲಿ ಬಂದು ಕಾಲುವೆ ತೋಡುವುದಿಲ್ಲ. ಗೊತ್ತಿತ್ತು. ಗೊತ್ತಿದ್ದೂ ಅವಳಿಗೆ ಹೇಳಲಿಲ್ಲ.

ಅವಳು ಮುಂದೆ ಹತ್ತಿದಳು.

ಎರಡೂರಿನ ಗಡಿಯ ಕಡವಿನಲ್ಲಿ ಕಲ್ಲುಗಳ ಮೇಲೆ ಬಿಳಿ ಹಿಪ್ಪೆ ಒಣಗುತ್ತಿತ್ತು. ಹಿಪ್ಪೆ ತುಂಬಿದ ಒಂದು ಚೀಲವನ್ನು ನೀರಿನಿಂದ ಎಳೆದು ದಡದ ಮೇಲಕ್ಕೆ ಎಸೆದಿದ್ದರು. ಆಚೆ ದಡದಲ್ಲಿ ವಾಯ್ಸಾಕೆಯ ಸೋದರತ್ತೆ ಮಕರೀತ ಚಾಪೆ ಹೆಣೆಯುವ ಎಲೆ ಒಣಗಹಾಕಿ, ಸುರುಟಿದ ಹೊಗೆಸೊಪ್ಪು ಸೇದುತ್ತ ಕೂತಿದ್ದಳು.

"ಬಂದಳಪ್ಪ ಕೆಳಗಿನೂರ ರಾಣಿ," ಎಂದಳು ಮಕರೀತ. "ಕತ್ತಿ ಹಿಡ್ಕೊಂಡು ಬಂದಿದೀಯ. ನನ್ನ ಕಡಿಯೋಕಾ, ಇಲ್ಲ ಸೌದೆಗಾ?"

"ಸೌದೆಗೆ, ಅತ್ತೆ. ನೀವು ಒಣಗಿದೀರ, ಆದ್ರೆ ಉರಿಯಲ್ಲ."

ಮುದುಕಿ ನಕ್ಕಳು. "ಬಾ, ಕೂತ್ಕೋ. ಮೀನು ಬೇಕಾ? ಬೆಳಿಗ್ಗೆ ಚೆನ್ನಾಗಿ ಸಿಕ್ತು."

"ಗೊತ್ತು. ಮಿಕ್ಕಿದ್ದು ನಮ್ಮೂರಿಗೆ ತೇಲಿ ಬಂತು." ಉನಾಯ್ಸಿ ಕೂರಲಿಲ್ಲ. "ಸೂತಕಕ್ಕೆ ಮಡು ಕಟ್ಟಿದೀವಿ ಅಂತ ನಿಮಗೆ ಗೊತ್ತಿರ್ಲಿಲ್ವಾ ಅತ್ತೆ?"

"ಯಾರು ಹೇಳಿದ್ರು ನಮಗೆ?"

"ಕಂಬ ಕಾಣ್ಲಿಲ್ವಾ?"

"ಕಂಬ ಕಂಡಿತು. ಕಂಬಕ್ಕೆ ಬಾಯಿಲ್ವಲ್ಲ." ಮಕರೀತ ಹೊಗೆ ಬಿಟ್ಟು ಬೂದಿ ಕೊಡವಿದಳು. "ನಿನ್ನ ಅಜ್ಜ ಸತ್ತಾಗ ನವುನಿವಿಯಿಂದ ಹಲ್ಲು ಬಂತು. 'ನಮ್ಮ ನೀರು ಕಟ್ಟಿದೀವಿ, ನೀವೂ ಮೇಲೆ ಬೇರು ಬಿಡಬೇಡಿ' ಅಂತ ಕೈಮುಗಿದು ಹೇಳಿದ್ರು. ನಾವು ಒಂದು ಸಿಗಡಿ ಮುಟ್ಟಲಿಲ್ಲ. ನಿನ್ನ ಚಿಕ್ಕಪ್ಪ ಸತ್ತಾಗ್ಲೂ ಬಂತು. ಈ ಸಲ? ನಾವು ಹೆಣದ ಮುಂದೆ ಚಾಪೆ ಹಾಸಿ ಅತ್ತು ಬಂದ್ವಿ. ಅದಾದ್ಮೇಲೆ ಹೇಳ್ತಾರೆ ಹೇಳ್ತಾರೆ ಅಂತ ಕಾದ್ವಿ. ಇಲ್ಲ. ಹೊಸ ಯಜಮಾನ್ರಿಗೆ ನಾವು ಕಣ್ಣಿಗೆ ಕಾಣಲ್ಲ ಅಂದ್ಕೊಂಡ್ವಿ. ಹೇಳದೇ ಇದ್ದೋರ ನೀರು ನಮಗೆ ಬರೀ ನೀರು ಕಣಮ್ಮ."

"ಗುಡ್ಡ ಹತ್ತಿ ಒಂದು ಫೋನ್ ಮಾಡಿ ಕೇಳ್ಬಹುದಿತ್ತು."

"ಫೋನಲ್ಲಿ ಹಲ್ಲು ಬರುತ್ತಾ? ನಮಗೆ ಮರ್ಯಾದೆ ಕೊಡಿ ಅಂತ ನಾವೇ ಕೇಳೋದಾ?"

ಉನಾಯ್ಸಿ ಎಸೆದ ಚೀಲವನ್ನು ನೋಡಿದಳು. "ಇದನ್ನ ನೀರಿಂದ ಎಳೆದಿದ್ದು ಯಾರು?"

"ಇನ್ಯಾರು, ನಿನ್ನ ಗಂಡ. ನಿನ್ನೆ ಸಂಜೆ ಸಿಗ್ನಲ್ ಗುಡ್ಡದ ಮೇಲೆ ನಮ್ಮೋರು ಅವನ ಮುಂದೆ ಬಾಯಿ ಬಿಟ್ಟಿದ್ರಂತೆ. ಬೆಳಕಾಗೋ ಮೊದಲೇ ಬಂದು ಇಲ್ಲೇ, ಈ ಕಲ್ಲಿನ ಮೇಲೆ, ಮಂಡಿಯೂರಿದ. ಬೇಡ ಅಂದ. ಹೆಂಡತಿ ಮನೆ ನಾಯಿ ಆಗಿದೀಯ ಅಂತ ನಕ್ರು. ಬೇರು ಬಿಟ್ಟೇ ಬಿಟ್ರು. ಇವನು ನೀರಿಗೆ ಧುಮುಕಿ ಒಂದು ಚೀಲ ಎಳೆದು ಎಸೆದ, ಆಮೇಲೆ ಕೆಳಗೆ ಓಡಿದ." ಅವಳು ಹೊಗೆಸೊಪ್ಪನ್ನು ಕಲ್ಲಿಗೆ ಒತ್ತಿ ಆರಿಸಿದಳು. "'ಹಲ್ಲು ಯಾಕೆ ಬರ್ಲಿಲ್ಲ' ಅಂತ ನಾನೇ ಕೇಳಿದೆ. ನಿಮ್ಮ ಮೇಲೆ ಒಂದು ದೂರು ಹೇಳ್ಬಹುದಿತ್ತಲ್ಲ? ತುಟಿ ಬಿಚ್ಚಲಿಲ್ಲ."

ಹಲ್ಲು ಯಾಕೆ ಬರಲಿಲ್ಲ ಎಂದು ಮೇಲಿನೂರು ಕೇಳುತ್ತಿತ್ತು. ಆ ಹಲ್ಲು ಉನಾಯ್ಸಿಯ ಪೆಟ್ಟಿಗೆಯಲ್ಲಿ, ಅವಳ ಬಟ್ಟೆಯಡಿ, ಎಣ್ಣೆ ಸವರಿಸಿಕೊಂಡು ಮಲಗಿತ್ತು. ತಮ್ಮ ಬೇರೆ ಹಲ್ಲು ತಂದು ಕಳಿಸಿರುತ್ತಾನೆ ಎಂದುಕೊಂಡಿದ್ದಳು. ವಿಚಾರಿಸಿರಲಿಲ್ಲ.

ಅವಳು ನವುನಿವಿಗೆ ಇಳಿಯುವ ಹೊತ್ತಿಗೆ ಊರನ್ನು ಕೂಡಿಸುವ ಲಾಲಿ ಎಂಬ ಮರದ ಡೋಲಿನ ಸದ್ದು ಎದ್ದಿತ್ತು. ದೊಡ್ಡ ಮನೆಯಲ್ಲಿ ಗಂಡಸರು ಯಂಗೋನದ ಮರಿಗೆಯ ಸುತ್ತ ಕೂತಿದ್ದರು, ಹೆಂಗಸರು ಬಾಗಿಲ ಕಡೆ. ಅವಳು ಮೊದಲು ಮನೆಗೆ ಹೋಗಿ ಪೆಟ್ಟಿಗೆಯಿಂದ ಹಲ್ಲನ್ನು ತೆಗೆದು ಸೆರಗಿನಂತೆ ಹೊದ್ದ ಬಟ್ಟೆಯೊಳಗೆ ಅಡಗಿಸಿಕೊಂಡಿದ್ದಳು. ಬಾಗಿಲ ಹತ್ತಿರ ಕೆಲೇರಳ ಪಕ್ಕ ಕೂತಳು.

ಮನೆತನದ ಪರವಾಗಿ ಮಾತಾಡುವವನು ಮುದುಕ ಆಪೊರೋಸ. ಮೊದಲ ತೆಂಗಿನಚಿಪ್ಪು ನೆಮಾನಿ ಕುಡಿದ, ಎರಡನೆಯದನ್ನು ಆಪೊರೋಸ. ಎಲ್ಲರೂ ಅಂಗೈ ಗುಳಿ ಮಾಡಿ ಚಪ್ಪಾಳೆ ತಟ್ಟಿದರು. ಆಮೇಲೆ ಆಪೊರೋಸ ಗಂಟಲು ಸರಿಮಾಡಿಕೊಂಡ.

"ವಾಯ್ಸಾಕೆ, ಯಜಮಾನ್ರು ಕೇಳ್ತಿದಾರೆ. ಬೆಳಿಗ್ಗೆ ಎಲ್ಲಿದ್ದೆಯಪ್ಪ?"

"ತೊರೆ ಹತ್ರ."

"ತೋಟಕ್ಕೆ ಹೋಗಿದ್ದೆ ಅಂದ್ಯಲ್ಲ?"

"ಅದು ಸುಳ್ಳು."

ನೆಮಾನಿಯ ಮುಖದಲ್ಲಿ, ಕಾದಿದ್ದ ಪೊಟ್ಟಣ ಬಂದು ತಲುಪಿದವನ ತೃಪ್ತಿಯಿತ್ತು.

"ತೊರೆ ಹತ್ರ ಏನು ಕೆಲಸ?"

ವಾಯ್ಸಾಕೆ ಚಾಪೆಯ ಅಂಚನ್ನು ನೋಡುತ್ತಿದ್ದ. "ಅದನ್ನ ನಾನು ಹೇಳೋಕಾಗಲ್ಲ, ಆಪೊರೋಸಜ್ಜ. ಹೇಳಿದ್ರೆ ಬೇರೆಯವರ ತಪ್ಪು ಎತ್ತಿ ಆಡಿದ ಹಾಗಾಗುತ್ತೆ. ಕೇಳಿದ್ದು ಸಾಕಾಗಿದ್ರೆ ನಾನು ನಾಳೆ ಹೊರಡ್ತೀನಿ."

ಉನಾಯ್ಸಿ ಮಂಡಿಯ ಮೇಲೆ ಸರಿದು ಮುಂದೆ ಬಂದಳು. ಕೆಲೇರಳ ತೋಳು ಹಿಡಿದು ಅವಳನ್ನೂ ಎಳೆದುಕೊಂಡೇ ಬಂದಳು. ಹುರಿ ಕಟ್ಟಿದ ಹಲ್ಲನ್ನು ತೆಗೆದು ಚಾಪೆಯ ಮೇಲಿಟ್ಟಳು.

"ಕೆಲೇರ, ನಿನ್ನ ಗಂಡಂಗೆ ಹೇಳು. ಅಪ್ಪ ನನ್ನ ಕೈಲಿ ಕೊಟ್ಟ ಹಲ್ಲು ಇದು. ಮೇಲಿನೂರಿಗೆ ನಾವು ಹಲ್ಲು ಕಳಿಸ್ಲೇ ಇಲ್ಲ. ಮಡು ಕಟ್ಟಿದೀವಿ ಅಂತ ಅವರಿಗೆ ಯಾರೂ ಹೇಳ್ಲೇ ಇಲ್ಲ. ಅದಕ್ಕೆ ಅವರು ಅವರ ನೀರಿಗೆ ಬೇರು ಬಿಟ್ರು."

ಕೆಲೇರ ಮೊಳ ದೂರದಲ್ಲಿ ಕೂತಿದ್ದ ಗಂಡನ ಕಡೆ ತಿರುಗಿದಳು. "ಕೇಳಿಸ್ತಾ?"

"ಕೇಳಿಸ್ತು. ಇಷ್ಟು ದಿನ ಅದು ಪೆಟ್ಟಿಗೇಲಿ ಯಾಕಿತ್ತು ಅಂತ ಕೇಳು."

"ಯಾಕಿತ್ತು ಅಂತ ಕೇಳ್ತಿದಾರೆ, ಅತ್ತಿಗೆ."

"ಅವನು ಕೇಳ್ಲಿ ಅಂತ ಇತ್ತು. ಅಪ್ಪ ಹಾಗೇ ಹೇಳಿದ್ದ."

"ನೀವು ಕೇಳ್ಲಿ ಅಂತ ಇತ್ತಂತೆ."

"ನಾನ್ಯಾಕೆ ಕೇಳ್ಲಿ?" ನೆಮಾನಿಯ ದನಿ ಏರಿತು. "ಅಪ್ಪ ಅವಳ ಕೈಗೆ ಕೊಟ್ಟಿದ್ದು ನಂಗೆ ಗೊತ್ತಿತ್ತು. ಹೋಗಬೇಕಾಗಿದ್ದು ಅವಳ ಗಂಡನ ಊರಿಗೆ. ಅವಳೇ ಕಳಿಸ್ತಾಳೆ ಅಂತ ಕಾದೆ. ಕಳಿಸ್ಲಿಲ್ಲ. ನನ್ನ ಯಜಮಾನಿಕೆ ಮುರೀಲಿ ಅಂತ ಗಂಡ ಹೆಂಡತಿ ಸೇರಿ ಇಟ್ಕೊಂಡಿದಾರೆ ಅಂದ್ಕೊಂಡೆ."

ಕೆಲೇರ ತಿರುಗಿಸಿ ಹೇಳಲಿಲ್ಲ. ಎರಡೂ ಕೈ ಚಾಪೆಗೆ ಊರಿ ಕೂತಳು. "ಒಬ್ರು ಕೇಳ್ಲಿ ಅಂತ ಒಬ್ರು, ಕಳಿಸ್ಲಿ ಅಂತ ಇನ್ನೊಬ್ರು. ಮಧ್ಯದಲ್ಲಿ ನಾನೊಬ್ಳು ಗಿಳಿ. ಬೆಳಿಗ್ಗೆಯಿಂದ ಸಂಜೆವರೆಗೂ ಉಪ್ಪಿದ್ಯಾ, ಸೌದೆ ಇದ್ಯಾ ಅಂತ ಹೊತ್ತು ತಿರುಗ್ತೀನಿ. ಈ ಒಂದು ಮಾತು ಮಾತ್ರ ಭಾರ ಆಯ್ತಾ ನನ್ನ ಬಾಯಿಗೆ? ನಮ್ಮ ಕರಾವಳಿ ಕಡೆ ಅಕ್ಕ-ತಮ್ಮ ಜುಟ್ಟು ಹಿಡ್ಕೊಂಡು ಜಗಳ ಆಡ್ತಾರೆ. ಆಮೇಲೆ ಊಟ ಮಾಡ್ತಾರೆ."

ಗಂಡಸರ ಸಾಲಿನಲ್ಲಿ ಯಾರೋ ಕೆಮ್ಮಿನಂತೆ ನಕ್ಕರು. ನೆಮಾನಿ ನಗಲಿಲ್ಲ.

"ಇದೆಲ್ಲ ಅವಳಿಗೆ ಯಾರು ಹೇಳಿದ್ದು? ಗಂಡ ಕಲಿಸಿ ಕೂರಿಸಿದ್ದು ಅಲ್ಲ ಅಂತ ಏನು ಗ್ಯಾರಂಟಿ?"

"ನನ್ನ ಗಂಡ ನನ್ನ ಹತ್ರ ಒಂದು ಮಾತೂ ಆಡಿಲ್ಲ," ಎಂದಳು ಉನಾಯ್ಸಿ. ಕೆಲೇರಳ ಕಡೆ ನೋಡುತ್ತ, ಕಂಡದ್ದನ್ನು ಕಂಡ ಕ್ರಮದಲ್ಲೇ ಹೇಳಿದಳು. ಮಡುವಿನ ದಡದಲ್ಲಿ ಹೆಜ್ಜೆ ಇಲ್ಲದಿರುವುದು. ಹಳೆಯ ಕಾಲುವೆ, ಎಡದಿಂದ ಬಿದ್ದ ಏಟು. ಕಡವಿನ ದಡಕ್ಕೆ ಎಸೆದ ಚೀಲ. ಮಕರೀತಳ ಮಾತು. "ನಂಬಬೇಡಿ. ಇನ್ನೂ ಬೆಳಕಿದೆ, ಹೋಗಿ ನೋಡಿ."

ನೆಮಾನಿ ನಂಬಲಿಲ್ಲ. ತನ್ನ ಕಡೆಯ ಇಬ್ಬರನ್ನು ಕಳಿಸಿದ. ಅವರು ಬರುವ ತನಕ ಮರಿಗೆಯ ಸುತ್ತ ಚಿಪ್ಪು ತಿರುಗಿತು, ಮಾತು ತಿರುಗಲಿಲ್ಲ. ವಾಯ್ಸಾಕೆ ತಲೆ ಎತ್ತಲಿಲ್ಲ. ಉನಾಯ್ಸಿ ಅವನ ಕೈಗಳನ್ನು ನೋಡದಿರಲು ಪ್ರಯತ್ನಪಟ್ಟಳು.

ಇಬ್ಬರೂ ಕಾಲಿಗೆ ಕೆಸರು ಮೆತ್ತಿಕೊಂಡು ಬಂದರು. ಒಬ್ಬ ಕಡಿದ ಮುಳ್ಳಿನ ಬುಡವೊಂದನ್ನೇ ಕತ್ತರಿಸಿ ತಂದಿದ್ದ. ನೆಮಾನಿ ಅದನ್ನು ದೀಪದ ಕಡೆ ತಿರುಗಿಸಿ, ಎಡದಿಂದ ಕಡಿದ ಹಾಗೆ ಕೈ ಬೀಸಿ ನೋಡಿದ, ಬಲದಿಂದ ಬೀಸಿ ನೋಡಿದ. ಕೊನೆಗೆ ಕೆಳಗಿಟ್ಟ.

"ಆಪೊರೋಸಜ್ಜ, ನಾಳೆ ಬೆಳಿಗ್ಗೆ ಹಲ್ಲು ತಗೊಂಡು ಮೇಲೆ ಹೋಗಿ. ತಪ್ಪು ನಮ್ಮ ಮನೆದು ಅಂತ ಹೇಳಿ."

ಮುಂದಿನ ಚಿಪ್ಪು ನೆಮಾನಿಯದಾಗಬೇಕಿತ್ತು. ಅದನ್ನು ತಾನು ಮುಟ್ಟದೆ ಭಾವನ ಕಡೆ ಕಳಿಸಿದ. ವಾಯ್ಸಾಕೆ ಒಂದು ಕ್ಷಣ ತಡೆದು, ಕುಡಿದು, ಬರಿದಾದ ಚಿಪ್ಪನ್ನು ತಿರುಗಿ ಕೊಟ್ಟ. ಅವನು ಊರಲ್ಲಿ ಉಳಿಯುತ್ತಾನೆ ಎಂಬುದು ಎಲ್ಲರಿಗೂ ತಿಳಿಯಲು ಅಷ್ಟು ಸಾಕಾಯಿತು.

ಶನಿವಾರ ಮೇಲಿನೂರಿನವರು ಎಲೆ ಮುಚ್ಚಿದ ಬುಟ್ಟಿಗಳ ತುಂಬ ಸಿಗಡಿ ಹೊತ್ತು ಇಳಿದರು. ಎಲ್ಲರ ಮುಂದೆ ಮಕರೀತ. "ಬೇರು ಹಾಕಿ ಹಿಡಿದಿದ್ದಲ್ಲಪ್ಪ, ಕೈಯಲ್ಲೇ ಹಿಡಿದಿದ್ದು. ನನ್ನ ಬೆನ್ನು ನೋಡಿದ್ರೆ ಗೊತ್ತಾಗುತ್ತೆ," ಎಂದು ಬಾಗಿಲಿಂದಲೇ ಕೂಗಿದಳು. ನವುನಿವಿಯವರು ನಕ್ಕು ಬುಟ್ಟಿ ಇಳಿಸಿಕೊಂಡರು. ಅಡಿಗೆಯ ಚಪ್ಪರದ ಹಿಂದೆ ಯಾರೋ, ಬೇರಿನ ವಿಷ ತಿಂದವರಿಗೆ ತಾಗುವುದಿಲ್ಲ ಎಂದು ಗೊತ್ತಿದ್ದೂ, ಮೊದಲ ಸಿಗಡಿಯನ್ನು ಬೆಕ್ಕಿಗೆ ಹಾಕಿ, ಅದು ತಿಂದು ಮುಖ ಒರೆಸಿಕೊಳ್ಳುವ ತನಕ ನಿಂತು ನೋಡಿದ್ದನ್ನು ಉನಾಯ್ಸಿ ಕಂಡಳು. ಕಂಬ ಕಿತ್ತು ಮಡುವಿಗೆ ಬಲೆ ಇಳಿಸಿದಾಗ ಸಿಕ್ಕಿದ್ದು ಹಿಂದಿನ ಸಲದ ಅರ್ಧಕ್ಕಿಂತ ಕಡಿಮೆ. ಎರಡೂ ಸೇರಿ ನೆಂಟರಿಗೆ ಸಾಲಿತು. ಯಾರೂ ಎಲೆ ಮುಂದೆ ಕೂತು ಪಿಸುಗುಟ್ಟಲಿಲ್ಲ, ಅಥವಾ ಪಿಸುಗುಟ್ಟಿದ್ದು ಅವಳಿಗೆ ಕೇಳಿಸಲಿಲ್ಲ.

ಊಟ ಮುಗಿದು ನೆಂಟರು ಬಸ್ಸಿನ ದಾರಿ ಹಿಡಿದ ಮೇಲೆ ಗಂಡ-ಹೆಂಡತಿ ಮನೆಯ ಮೆಟ್ಟಿಲ ಮೇಲೆ ಕೂತರು. ಸೂತಕಕ್ಕೆಂದು ಸಕ್ಕರೆ ಬಿಟ್ಟಿದ್ದ ಉನಾಯ್ಸಿ ಚಹಾಕ್ಕೆ ಚಮಚ ತುಂಬ ಸಕ್ಕರೆ ಹಾಕಿ ಕಲಕಿದಳು. ಮೀನು ಬಿಟ್ಟಿದ್ದ ವಾಯ್ಸಾಕೆ ಅವಳು ತೆಗೆದಿಟ್ಟಿದ್ದ ಹಾವುಮೀನಿನ ತುಂಡನ್ನು ನಿಧಾನವಾಗಿ ಬಿಡಿಸುತ್ತಿದ್ದ.

"ಅವತ್ತು ಮಧ್ಯಾಹ್ನ ನಂಗೆ ನಿದ್ದೆ ಬಂದಿರ್ಲಿಲ್ಲ," ಎಂದ.

ಚಮಚದ ಸದ್ದು ನಿಂತಿತು.

"ಕಣ್ಣು ಬಿಡ್ಬೇಕಿತ್ತು," ಎಂದಳು ಅವಳು.

"ನೀನು ಕೇಳ್ತೀಯ ಅಂತ ಕಾದೆ."

"ನೀನು ಹೇಳ್ತೀಯ ಅಂತ ನಾನು ಕಾದೆ."

ಗಂಡ-ಹೆಂಡಿರ ನಡುವೆ ಮಾತಿಗೆ ಯಾವ ಕಟ್ಟಲೆಯೂ ಇರಲಿಲ್ಲ. ಅದನ್ನು ಇಬ್ಬರೂ ಒಟ್ಟಿಗೇ ಯೋಚಿಸಿದ ಹಾಗಿತ್ತು. ಅವನು ಮೀನಿನ ಒಳ್ಳೆಯ ಭಾಗವನ್ನು ಅವಳ ಎಲೆಗೆ ಸರಿಸಿದ, ಅವಳು ತಿಂದಳು. ಕೆಳಗೆ ತೊರೆಯ ನೀರು ತಿಳಿಯಾಗಿ ಹರಿಯುತ್ತಿತ್ತು.

ವಾಯ್ಸಾಕೆ ಈಗಲೂ ಮಧ್ಯಾಹ್ನ ಊಟವಾದ ಮೇಲೆ ಅದೇ ಚಾಪೆಯ ಮೇಲೆ ಮಲಗುತ್ತಾನೆ. ಮೊದಲು ಕೈ ಚಾಚಿ ಅಂಗಾತ ಮಲಗುತ್ತಿದ್ದ. ಈಗ ಕವುಚಿ ಮಲಗಿ ಎರಡೂ ಅಂಗೈಯನ್ನು ಎದೆಯಡಿಗೆ ಸೇರಿಸಿಕೊಳ್ಳುತ್ತಾನೆ.